ಕಥೆಗಾರರು ಕೇಳಿದ್ದು, ವಿಜ್ಞಾನಿಗಳು ಲೆಕ್ಕ ಹಾಕಿದ್ದು: ಓದುಗರ ಪ್ರಶ್ನೆಗಳಿಗೆ ಉತ್ತರ

ವಿಜ್ಞಾನಿಗಳೂ ಕಥೆ ಹೇಳುವವರೂ ಎದುರುಬದುರು ಕುಳಿತು ಮಾತನಾಡಿದರೆ ಯಾರಿಗೆ ಏನು ದಕ್ಕುತ್ತದೆ ಎಂಬ ವಿಷಯದ ಸುತ್ತ ಈ ತಿಂಗಳು ಹಲವು ಪತ್ರಗಳು ಬಂದಿವೆ. ಅವುಗಳಲ್ಲಿ ಏಳನ್ನು ಆರಿಸಿಕೊಂಡು ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ವಿಜ್ಞಾನ ಕಥೆಗಳನ್ನು ಬರೆಯುವವರು ವಿಜ್ಞಾನದಿಂದ ಸಾಮಗ್ರಿ ಪಡೆಯುತ್ತಾರೆ. ವಿಜ್ಞಾನಕ್ಕೆ ಕಥೆಯಿಂದ ಏನಾದರೂ ಮರಳಿ ಸಿಕ್ಕಿದ್ದುಂಟೆ, ಅಥವಾ ಅದು ಬರೀ ಬಾಯಿಮಾತೆ? (ಪದವಿ ವಿದ್ಯಾರ್ಥಿ, ಹಾಸನ)

ಖಂಡಿತ ಸಿಕ್ಕಿದೆ, ಅದೂ ಅಚ್ಚಾದ ಸಂಶೋಧನಾ ಪ್ರಬಂಧದ ರೂಪದಲ್ಲಿ ಸಿಕ್ಕಿದೆ. 1985ರ ಮೇ ತಿಂಗಳಲ್ಲಿ ಅಮೆರಿಕದ ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ಅವರು ತಮ್ಮ ಗೆಳೆಯರಾದ, ಕ್ಯಾಲ್ಟೆಕ್‌ನಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದ ಕಿಪ್ ಥಾರ್ನ್ ಅವರಿಗೆ ಫೋನು ಮಾಡಿದರು. ಸೇಗನ್ ಆಗ 'ಕಾಂಟ್ಯಾಕ್ಟ್' ಎಂಬ ಕಾದಂಬರಿಯನ್ನು ಮುಗಿಸುವ ಹಂತದಲ್ಲಿದ್ದರು. ಅದರ ನಾಯಕಿ ಭೂಮಿಯ ಹತ್ತಿರದ ಒಂದು ಕಪ್ಪುಕುಳಿಗೆ (ಬೆಳಕೂ ತಪ್ಪಿಸಿಕೊಳ್ಳಲಾಗದಷ್ಟು ಪ್ರಬಲ ಗುರುತ್ವವುಳ್ಳ 'ಬ್ಲ್ಯಾಕ್ ಹೋಲ್'ಗೆ) ಧುಮುಕಿ, ಸುಮಾರು ಒಂದು ತಾಸಿನ ಬಳಿಕ 26 ಜ್ಯೋತಿರ್ವರ್ಷ ದೂರದ ಅಭಿಜಿತ್ ನಕ್ಷತ್ರದ ಬಳಿ ಹೊರಬರುತ್ತಾಳೆ. ಇದರಲ್ಲಿ ಗುರುತ್ವದ ವಿಜ್ಞಾನ ಸರಿಯಾಗಿದೆಯೇ ನೋಡಿಕೊಡಬೇಕು ಎಂಬುದು ಸೇಗನ್ ಅವರ ಕೋರಿಕೆಯಾಗಿತ್ತು.

ಥಾರ್ನ್ ಅವರು ಹಸ್ತಪ್ರತಿಯನ್ನು ಓದಿದ್ದು ಮಗಳ ಪದವಿ ಸಮಾರಂಭಕ್ಕೆ ಹೋಗುವ ದಾರಿಯಲ್ಲಿ, ಕಾರಿನ ಹಿಂದಿನ ಸೀಟಿನಲ್ಲಿ ಕುಳಿತು. ಕಥೆ ಅವರಿಗೆ ಮೆಚ್ಚುಗೆಯಾಯಿತು, ಆದರೆ ಕಪ್ಪುಕುಳಿ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು. ಕಪ್ಪುಕುಳಿಯ ಒಳಹೊಕ್ಕವರು ಬೇರೊಂದು ಕಡೆ ಹೊರಬೀಳುವುದಕ್ಕೆ ಭೌತನಿಯಮಗಳು ಎಡೆಗೊಡುವುದಿಲ್ಲ; ಒಳಗೆ ಬೀಳುವ ವಿಕಿರಣವೇ ಪ್ರಬಲಗೊಂಡು ಆ ದಾರಿಯನ್ನು ಹಾಳುಗೆಡವುತ್ತದೆ. "ಇದು ತಪ್ಪು" ಎಂದು ಒಂದು ಸಾಲು ಬರೆದು ಹಸ್ತಪ್ರತಿಯನ್ನು ಹಿಂತಿರುಗಿಸಿದ್ದರೆ ಅವರ ಕರ್ತವ್ಯ ಮುಗಿಯುತ್ತಿತ್ತು. ಹಾಗೆ ಮಾಡದೆ, ಗೆಳೆಯನ ನಾಯಕಿ ಅಭಿಜಿತ್ ನಕ್ಷತ್ರವನ್ನು ತಲುಪಲೇಬೇಕು ಎಂಬುದನ್ನು ಒಪ್ಪಿಕೊಂಡು, ಅದಕ್ಕೆ ಬೇರೆ ದಾರಿ ಇದೆಯೇ ಎಂದು ಯೋಚಿಸತೊಡಗಿದರು. ಆ ಕಾರಿನಲ್ಲೇ ಅವರಿಗೆ ಹೊಳೆದದ್ದು ವರ್ಮ್‌ಹೋಲ್. ಹುಳುವೊಂದು ಹಣ್ಣಿನ ಮೈಯನ್ನು ಸುತ್ತಿಬರುವ ಬದಲು ತಿರುಳನ್ನೇ ಕೊರೆದು ಆಚೆ ಬದಿಗೆ ಹೊರಡುವಂತೆ, ದೇಶಕಾಲದ, ಅಂದರೆ ಸ್ಥಳ ಮತ್ತು ಕಾಲ ಒಂದಾಗಿ ಹೆಣೆದುಕೊಂಡ ಹಂದರದ, ಎರಡು ದೂರದ ತಾಣಗಳನ್ನು ಕೂಡಿಸುವ ಸುರಂಗವದು.

ಆ ಕಲ್ಪನೆ ಹೊಸದಾಗಿರಲಿಲ್ಲ. 1935ರಲ್ಲಿ ಐನ್‌ಸ್ಟೈನ್ ಮತ್ತು ರೋಸೆನ್ ಅವರ ಸಮೀಕರಣಗಳಲ್ಲಿ ಅಂಥ ಸೇತುವೆಯೊಂದು ಕಾಣಿಸಿಕೊಂಡಿತ್ತು. 1962ರಲ್ಲಿ ಫುಲ್ಲರ್ ಮತ್ತು ವೀಲರ್ ಅವರು ಆ ಸುರಂಗ ಹುಟ್ಟಿದಷ್ಟೇ ಬೇಗ ಹಿಸುಕಿ ಮುಚ್ಚಿಹೋಗುತ್ತದೆ, ಬೆಳಕಿನ ಕಿರಣವೂ ಅದನ್ನು ದಾಟಲಾರದು ಎಂದು ತೋರಿಸಿದ್ದರು. ಅಲ್ಲಿಗೆ ವಿಷಯ ಮುಗಿಯಿತೆಂದು ಎಲ್ಲರೂ ನಂಬಿದ್ದರು. ಕಾದಂಬರಿಯ ಒತ್ತಾಯದಿಂದಾಗಿ ಥಾರ್ನ್ ಪ್ರಶ್ನೆಯನ್ನು ತಲೆಕೆಳಗು ಮಾಡಿದರು. ಸುರಂಗ ಮುಚ್ಚಿಕೊಳ್ಳಬಾರದು ಎಂದು ಮೊದಲೇ ಇಟ್ಟುಕೊಂಡು, ಹಾಗಾದರೆ ಅದರ ಗೋಡೆಗಳನ್ನು ಎಂಥ ವಸ್ತು ತಡೆದು ಹಿಡಿದಿರಬೇಕು ಎಂದು ಹಿಂದುಮುಂದಾಗಿ ಲೆಕ್ಕ ಹಾಕಿದರು. ಬಂದ ಉತ್ತರ: ಋಣ ಶಕ್ತಿಯುಳ್ಳ, ಗುರುತ್ವದಿಂದ ಸೆಳೆಯುವ ಬದಲು ನೂಕುವ ವಿಚಿತ್ರ ವಸ್ತು. ಅತಿ ಸಣ್ಣ ಪ್ರಮಾಣದಲ್ಲಿ ಅಂಥದ್ದು ಇರಬಹುದೆಂಬ ಸುಳಿವು 1948ರಲ್ಲಿ ಕ್ಯಾಸಿಮಿರ್ ಅವರು ಮಾಡಿದ ಲೆಕ್ಕದಲ್ಲಿತ್ತು. ಮನುಷ್ಯ ದಾಟಬಲ್ಲಷ್ಟು ಇರಬಹುದೇ ಎಂಬುದು ಇಂದಿಗೂ ಬಿಡಿಸದ ಒಗಟು.

1988ರಲ್ಲಿ ಥಾರ್ನ್ ಮತ್ತು ಅವರ ವಿದ್ಯಾರ್ಥಿ ಮೈಕೇಲ್ ಮಾರಿಸ್ ಈ ಲೆಕ್ಕವನ್ನು 'ಅಮೆರಿಕನ್ ಜರ್ನಲ್ ಆಫ್ ಫಿಸಿಕ್ಸ್' ಪತ್ರಿಕೆಯಲ್ಲಿ, ಸಾಪೇಕ್ಷತಾ ಸಿದ್ಧಾಂತವನ್ನು ಕಲಿಸಲು ಒಂದು ಸಾಧನವೆಂಬ ಹೆಸರಿನಲ್ಲಿ ಪ್ರಕಟಿಸಿದರು. ಅದೇ ವರ್ಷ ಮತ್ತೊಬ್ಬ ಸಹೋದ್ಯೋಗಿಯೊಂದಿಗೆ ಬರೆದ ಇನ್ನೊಂದು ಪ್ರಬಂಧದಲ್ಲಿ, ಅಂಥ ಸುರಂಗವಿದ್ದರೆ ಕಾಲದಲ್ಲಿ ಹಿಂದಕ್ಕೂ ಹೋಗಬಹುದಲ್ಲ ಎಂಬ ಮುಜುಗರದ ಪ್ರಶ್ನೆ ಎದ್ದಿತು. ಅದಕ್ಕೆ ಎದುರಾಗಿ ಸ್ಟೀಫನ್ ಹಾಕಿಂಗ್ ಅವರು 1992ರಲ್ಲಿ, ನಿಸರ್ಗ ಕಾಲಯಾನವನ್ನು ತಡೆಯುತ್ತದೆ ಎಂಬ ತಮ್ಮ ಊಹೆಯನ್ನು ಮುಂದಿಟ್ಟರು. ಒಂದು ಫೋನು ಕರೆಯಿಂದ ಎದ್ದ ಪ್ರಶ್ನೆ ಏಳು ವರ್ಷಗಳಲ್ಲಿ ಇಷ್ಟು ದೂರ ಬಂದಿತು.

ಇಲ್ಲಿ ಗಮನಿಸಬೇಕಾದದ್ದೇನೆಂದರೆ, ಸೇಗನ್ ಅವರ ಕಥೆ ವಿಜ್ಞಾನಕ್ಕೆ ಉತ್ತರವನ್ನು ಕೊಡಲಿಲ್ಲ, ಅದರಲ್ಲಿದ್ದ ಉತ್ತರ ತಪ್ಪೇ ಆಗಿತ್ತು. ಕೊಟ್ಟದ್ದು ಪ್ರಶ್ನೆಯನ್ನು. ಎಷ್ಟು ಬೇಕಾದರೂ ಮುಂದುವರಿದ ಒಂದು ನಾಗರಿಕತೆಗೆ ಭೌತನಿಯಮಗಳು ಏನನ್ನು ಮಾಡಗೊಡುತ್ತವೆ, ಏನನ್ನು ಮಾಡಗೊಡುವುದಿಲ್ಲ ಎಂಬ ಬಗೆಯ ಪ್ರಶ್ನೆಗಳನ್ನು ಥಾರ್ನ್ ಅಂದಿನಿಂದ ಸೇಗನ್ ಮಾದರಿಯ ಪ್ರಶ್ನೆಗಳೆಂದೇ ಕರೆದರು. ಅನುದಾನಕ್ಕಾಗಿ ಬರೆಯುವ ಅರ್ಜಿಯಲ್ಲಿ ಅಂಥ ಪ್ರಶ್ನೆಗೆ ಜಾಗ ಸಿಗುವುದು ಕಷ್ಟ. ಕಾದಂಬರಿಯಲ್ಲಿ ಸಿಗುತ್ತದೆ.

ಪ್ರಶ್ನೆ: ರಾಕೆಟ್ ಹಾರಿಸುವಾಗ ಹತ್ತು, ಒಂಬತ್ತು, ಎಂಟು ಎಂದು ಹಿಂದಕ್ಕೆ ಎಣಿಸುವ ರೂಢಿ ಸಿನಿಮಾದಿಂದ ಬಂದದ್ದು ಎಂದು ನಮ್ಮ ಮೇಷ್ಟ್ರು ಹೇಳಿದರು. ನಿಜವೇ? (ಒಂಬತ್ತನೆಯ ತರಗತಿ, ಚಿತ್ರದುರ್ಗ)

ಆ ರೂಢಿಯನ್ನು ಜನಪ್ರಿಯಗೊಳಿಸಿದ ಶ್ರೇಯಸ್ಸನ್ನು ಸಾಮಾನ್ಯವಾಗಿ ಫ್ರಿಟ್ಜ್ ಲ್ಯಾಂಗ್ ಅವರ 1929ರ ಜರ್ಮನ್ ಚಿತ್ರ 'ಫ್ರಾವ್ ಇಮ್ ಮಾಂಡ್'ಗೆ ಕೊಡುತ್ತಾರೆ. ಚಂದ್ರಯಾನದ ಕಥೆಯಿರುವ ಆ ಚಿತ್ರ ಮೂಕಿ. ಒಂದು, ಎರಡು ಎಂದು ಮುಂದಕ್ಕೆ ಎಣಿಸಿದರೆ ರಾಕೆಟ್ ಯಾವಾಗ ಏಳುತ್ತದೆ ಎಂದು ನೋಡುಗರಿಗೆ ಗೊತ್ತಾಗುವುದಿಲ್ಲ. ಹಿಂದಕ್ಕೆ ಎಣಿಸಿದರೆ ಸೊನ್ನೆಯ ಕಡೆಗೆ ಎಲ್ಲರ ಉಸಿರೂ ಬಿಗಿಯುತ್ತದೆ. ಅಲ್ಲಿ ಪರದೆಯ ಮೇಲೆ ಅಂಕಿಗಳು ಮೂಡಿ ಮೂಡಿ ಬರುತ್ತವೆ. ಚಿತ್ರದ ವೈಜ್ಞಾನಿಕ ಸಲಹೆಗಾರರಾಗಿದ್ದವರು ರಾಕೆಟ್ ವಿಜ್ಞಾನದ ಮೊದಲಿಗರಲ್ಲಿ ಒಬ್ಬರಾದ ಹರ್ಮನ್ ಓಬರ್ಥ್. ಬಾಲ್ಯದಲ್ಲಿ ಜೂಲ್ಸ್ ವರ್ನ್ ಅವರ ಚಂದ್ರಯಾನದ ಕಥೆಗಳನ್ನು ಮತ್ತೆ ಮತ್ತೆ ಓದಿ, ಫಿರಂಗಿಯಿಂದ ಮನುಷ್ಯರನ್ನು ಹಾರಿಸಿದರೆ ಆ ಹೊಡೆತಕ್ಕೆ ಅವರು ಜಜ್ಜಿಹೋಗುತ್ತಾರೆ ಎಂದು ತಾವೇ ಲೆಕ್ಕ ಮಾಡಿಕೊಂಡು ರಾಕೆಟ್ಟಿನ ಕಡೆಗೆ ತಿರುಗಿದವರು ಅವರು. ಚಿತ್ರದ ಪ್ರಚಾರಕ್ಕಾಗಿ ನಿಜವಾದ ರಾಕೆಟ್ಟನ್ನೇ ಹಾರಿಸುವ ಅವರ ಪ್ರಯತ್ನ ಕೈಗೂಡಲಿಲ್ಲ. ಆದರೆ ಇಂದು ಶ್ರೀಹರಿಕೋಟದಲ್ಲಿ ನಾವು ಕೇಳುವ ಎಣಿಕೆ ಅದೇ ಕ್ರಮದ್ದು. ನಿಮ್ಮ ಮೇಷ್ಟ್ರಿಗೆ ನನ್ನ ನಮಸ್ಕಾರ ತಿಳಿಸಿ.

ಪ್ರಶ್ನೆ: ದೊಡ್ಡ ಚಲನಚಿತ್ರಗಳಲ್ಲಿ ವಿಜ್ಞಾನಿಯ ಹೆಸರನ್ನು ಸಲಹೆಗಾರರೆಂದು ಹಾಕುತ್ತಾರೆ. ಅದು ತೋರಿಕೆಗೆ ಮಾತ್ರವೇ? ವಿಜ್ಞಾನಿ ಬೇಡವೆಂದರೆ ನಿರ್ದೇಶಕರು ಕೇಳುತ್ತಾರೆಯೇ? (ಬ್ಯಾಂಕ್ ಉದ್ಯೋಗಿ, ಬೆಂಗಳೂರು)

ಬಹಳಷ್ಟು ಕಡೆ ತೋರಿಕೆಗೇ ಇರಬಹುದು. ಆದರೆ 2014ರ 'ಇಂಟರ್‌ಸ್ಟೆಲ್ಲರ್' ಚಿತ್ರದಲ್ಲಿ ಹಾಗಾಗಲಿಲ್ಲ, ಏಕೆಂದರೆ ಅಲ್ಲಿ ವಿಜ್ಞಾನಿ ಕಥೆ ಹುಟ್ಟುವ ಮೊದಲೇ ಕೋಣೆಯಲ್ಲಿದ್ದರು. ಅದೇ ಕಿಪ್ ಥಾರ್ನ್ ಮತ್ತು ನಿರ್ಮಾಪಕಿ ಲಿಂಡಾ ಆಬ್ಸ್ಟ್ ಸೇರಿ ಚಿತ್ರದ ಮೂಲ ಕಲ್ಪನೆಯನ್ನು ಬರೆದಿದ್ದರು; ಇವರಿಬ್ಬರನ್ನು ಪರಸ್ಪರ ಪರಿಚಯ ಮಾಡಿಸಿದವರೂ ಸೇಗನ್ ಅವರೇ. ಕ್ರಿಸ್ಟೋಫರ್ ನೋಲನ್ ನಿರ್ದೇಶಕರಾಗಿ ಬಂದಾಗ ಥಾರ್ನ್ ಎರಡು ಷರತ್ತುಗಳನ್ನು ಮುಂದಿಟ್ಟರು: ದೃಢಪಟ್ಟ ಯಾವ ಭೌತನಿಯಮವನ್ನೂ ಚಿತ್ರ ಮುರಿಯಕೂಡದು, ನಮಗಿನ್ನೂ ತಿಳಿಯದ ಕಡೆ ಊಹೆ ಮಾಡುವುದಾದರೆ ಆ ಊಹೆಗೆ ಬೇರು ನಿಜವಾದ ವಿಜ್ಞಾನದಲ್ಲಿರಬೇಕು. ಒಂದು ಹಂತದಲ್ಲಿ ಪಾತ್ರವೊಂದು ಬೆಳಕಿಗಿಂತ ವೇಗವಾಗಿ ಚಲಿಸಬೇಕು ಎಂದು ನೋಲನ್ ಬಯಸಿದರು. ಅದು ಸಾಧ್ಯವಿಲ್ಲ ಎಂದು ಮನವರಿಕೆ ಮಾಡಿಕೊಡಲು ತಮಗೆ ಸುಮಾರು ಎರಡು ವಾರ ಹಿಡಿಯಿತು ಎಂದು ಥಾರ್ನ್ ಹೇಳಿದ್ದಾರೆ. ಕೊನೆಗೆ ನಿರ್ದೇಶಕರು ಅದನ್ನು ಕೈಬಿಟ್ಟರು.

ಸೋತದ್ದು ನಿರ್ದೇಶಕರು ಮಾತ್ರವಲ್ಲ. ಕಪ್ಪುಕುಳಿಯ ಹತ್ತಿರದ ಒಂದು ಗ್ರಹದ ಮೇಲೆ ಕಳೆದ ಒಂದು ತಾಸು ಭೂಮಿಯ ಏಳು ವರ್ಷಕ್ಕೆ ಸಮನಾಗಿರಬೇಕು ಎಂದು ನೋಲನ್ ಕೇಳಿದಾಗ ಥಾರ್ನ್ ಅವರಿಗೆ ಅದು ಅಸಾಧ್ಯವೆನ್ನಿಸಿತ್ತು. ನಿರ್ದೇಶಕರು ಪಟ್ಟು ಬಿಡಲಿಲ್ಲ. ಥಾರ್ನ್ ಮತ್ತೆ ಲೆಕ್ಕಕ್ಕೆ ಕುಳಿತು ನೋಡಿದರೆ, ಕಪ್ಪುಕುಳಿ ತನ್ನ ಗರಿಷ್ಠ ವೇಗಕ್ಕೆ ಕೂದಲೆಳೆಗಿಂತಲೂ ಹತ್ತಿರದ ವೇಗದಲ್ಲಿ ಗಿರಕಿ ಹೊಡೆಯುತ್ತಿದ್ದರೆ ನಿಯಮಗಳ ಮಟ್ಟಿಗೆ ಅದು ಸಾಧ್ಯವೆಂದು ತಿಳಿಯಿತು. ಪರಿಣತರ ಮೊದಲ "ಆಗದು" ಕೂಡ ಲೆಕ್ಕದ ಪರೀಕ್ಷೆಗೆ ಒಳಗಾಗಬೇಕು ಎಂಬುದಕ್ಕೆ ನಾನು ಈ ಪ್ರಸಂಗವನ್ನು ಮತ್ತೆ ಮತ್ತೆ ಉದಾಹರಿಸುತ್ತೇನೆ.

ಆ ಚಿತ್ರದ ಕಪ್ಪುಕುಳಿಯ ದೃಶ್ಯವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಥಾರ್ನ್ ಅವರು ಸಮೀಕರಣಗಳನ್ನು ಬರೆದು ಕಳುಹಿಸುತ್ತಿದ್ದರು, ಲಂಡನ್ನಿನ ದೃಶ್ಯ ಪರಿಣಾಮ ಸಂಸ್ಥೆಯೊಂದರ ಪರಿಣತರು ಅವುಗಳನ್ನು ಕಂಪ್ಯೂಟರ್ ಸಂಕೇತಕ್ಕೆ ಇಳಿಸುತ್ತಿದ್ದರು. ಕೆಲವು ಚೌಕಟ್ಟುಗಳನ್ನು, ಅಂದರೆ ಚಿತ್ರದ ಬಿಡಿ ಬಿಂಬಗಳನ್ನು, ರೂಪಿಸಲು ಒಂದೊಂದಕ್ಕೂ ನೂರು ತಾಸು ಹಿಡಿಯಿತು. ಸಾಮಾನ್ಯ ವಿಧಾನದಲ್ಲಿ ಒಂದೊಂದೇ ಕಿರಣವನ್ನು ಹಿಂಬಾಲಿಸಿದರೆ ದೊಡ್ಡ ಪರದೆಯ ಮೇಲೆ ನಕ್ಷತ್ರಗಳು ಮಿಣುಕಾಡುತ್ತಿದ್ದುದರಿಂದ, ಕಿರಣಗಳ ಕಟ್ಟುಗಳನ್ನೇ ಹಿಂಬಾಲಿಸುವ ಹೊಸ ವಿಧಾನವನ್ನು ಅವರು ಕಂಡುಕೊಳ್ಳಬೇಕಾಯಿತು. 2015ರಲ್ಲಿ ಇದು 'ಕ್ಲಾಸಿಕಲ್ ಅಂಡ್ ಕ್ವಾಂಟಮ್ ಗ್ರಾವಿಟಿ' ಪತ್ರಿಕೆಯಲ್ಲಿ ಸಂಶೋಧನಾ ಪ್ರಬಂಧವಾಗಿ ಬಂತು. ಸಿನಿಮಾ ತಂತ್ರಜ್ಞರೂ ಥಾರ್ನ್ ಅವರೂ ಅದರ ಲೇಖಕರು.

ಒಂದು ಕಡೆ ಮಾತ್ರ ಕಥೆ ಗೆದ್ದು ವಿಜ್ಞಾನ ಹಿಂದೆ ಸರಿಯಿತು, ಮತ್ತು ನನ್ನ ಅಭಿಪ್ರಾಯದಲ್ಲಿ ಅದು ನಷ್ಟವೇ. ಕಪ್ಪುಕುಳಿಯ ಸುತ್ತ ತಿರುಗುವ ಅನಿಲದ ತಟ್ಟೆಯಲ್ಲಿ ನಮ್ಮತ್ತ ಧಾವಿಸುವ ಬದಿ ಪ್ರಕಾಶಮಾನವಾಗಿಯೂ ದೂರ ಸರಿಯುವ ಬದಿ ಮಂಕಾಗಿಯೂ ಕಾಣಬೇಕು. ನೋಡುಗರಿಗೆ ಗೊಂದಲವಾಗುತ್ತದೆಂದು ಚಿತ್ರದಲ್ಲಿ ಎರಡೂ ಬದಿಗಳನ್ನು ಸಮನಾಗಿ ಬೆಳಗಿಸಿದರು. ಆದರೆ 1979ರಲ್ಲೇ ಫ್ರಾನ್ಸಿನ ಜ್ಯಾಂ ಪಿಯೇರ್ ಲ್ಯೂಮಿನೆ ಅವರು ರಂಧ್ರಪತ್ರಗಳ ಕಾಲದ ಕಂಪ್ಯೂಟರಿನಿಂದ ಅಂಕಿಗಳನ್ನು ಪಡೆದು, ಶಾಯಿಯಿಂದ ಒಂದೊಂದೇ ಚುಕ್ಕಿ ಇಟ್ಟು, ಕಪ್ಪುಕುಳಿ ಹೇಗೆ ಕಾಣಬಹುದೆಂದು ಕೈಯಾರೆ ಚಿತ್ರಿಸಿದ್ದರು. ಅದರಲ್ಲಿ ಒಂದು ಬದಿಗೆ ಚುಕ್ಕಿಗಳು ದಟ್ಟವಾಗಿವೆ, ಇನ್ನೊಂದು ಬದಿಗೆ ವಿರಳವಾಗಿವೆ. ಲ್ಯೂಮಿನೆ ಅವರು ಕವಿಯೂ ಕಾದಂಬರಿಕಾರರೂ ಹೌದು. 2019ರ ಏಪ್ರಿಲ್ 10ರಂದು ಎಂ87 ಗೆಲಾಕ್ಸಿಯ ಕಪ್ಪುಕುಳಿಯ ಮೊದಲ ನಿಜವಾದ ಬಿಂಬ ಬಿಡುಗಡೆಯಾದಾಗ ಆ ಉಂಗುರ ಒಂದು ಬದಿಯಲ್ಲಿ ಹೆಚ್ಚು ಬೆಳಗುತ್ತಿತ್ತು. ಜನ ಆ ಸೊಟ್ಟ ಉಂಗುರವನ್ನು ನೋಡಿ ಗೊಂದಲಗೊಳ್ಳಲಿಲ್ಲ, ಬೆರಗಾದರು. ನೋಡುಗರನ್ನು ಇನ್ನಷ್ಟು ನಂಬಬಹುದಿತ್ತು.

ಪ್ರಶ್ನೆ: ಕಥೆ ಹೇಳಿ ವಿಜ್ಞಾನ ಕಲಿಸಿದರೆ ಮಕ್ಕಳು ಕಥೆಯನ್ನು ಮಾತ್ರ ನೆನಪಿಡುತ್ತಾರೆ. ನ್ಯೂಟನ್ ಎಂದರೆ ತಲೆಯ ಮೇಲೆ ಸೇಬು ಬಿದ್ದವನು ಎನ್ನುತ್ತಾರೆ. ಕಥೆಯನ್ನೇ ಬಿಡುವುದು ಒಳಿತಲ್ಲವೇ? (ಪ್ರೌಢಶಾಲಾ ಶಿಕ್ಷಕಿ, ಧಾರವಾಡ)

ಕಥೆಯನ್ನು ಬಿಡಬೇಡಿ, ಪೂರ್ತಿ ಹೇಳಿ. ಸೇಬಿನ ಪ್ರಸಂಗವೂ ಒಂದು ಸಂಭಾಷಣೆಯಿಂದಲೇ ನಮಗೆ ಬಂದದ್ದು. 1726ರ ಏಪ್ರಿಲ್ 15ರಂದು ವಿಲಿಯಂ ಸ್ಟ್ಯೂಕ್ಲಿ ಎಂಬ ವೈದ್ಯರು ವೃದ್ಧ ನ್ಯೂಟನ್ ಅವರ ಜೊತೆ ಊಟ ಮುಗಿಸಿ ತೋಟದಲ್ಲಿ ಸೇಬಿನ ಮರಗಳ ನೆರಳಿನಲ್ಲಿ ಚಹಾ ಕುಡಿಯುತ್ತಿದ್ದಾಗ, ಹಿಂದೆ ಇಂಥದೇ ಸನ್ನಿವೇಶದಲ್ಲಿ ಗುರುತ್ವದ ವಿಚಾರ ತಮಗೆ ಹೊಳೆಯಿತೆಂದು ನ್ಯೂಟನ್ ಹೇಳಿದರು. ಹಣ್ಣು ಯಾವಾಗಲೂ ನೆಟ್ಟಗೆ ನೆಲಕ್ಕೇ ಏಕೆ ಬೀಳುತ್ತದೆ, ಪಕ್ಕಕ್ಕೋ ಮೇಲಕ್ಕೋ ಏಕೆ ಹೋಗುವುದಿಲ್ಲ ಎಂದು ಯೋಚಿಸಿದ್ದಾಗಿ ಸ್ಟ್ಯೂಕ್ಲಿ ದಾಖಲಿಸಿದ್ದಾರೆ. ಅದು ತಲೆಯ ಮೇಲೆ ಬಿತ್ತೆಂಬುದು ಅಲ್ಲಿಲ್ಲ. ಹಣ್ಣು ಬಿದ್ದದ್ದು 1660ರ ದಶಕದಲ್ಲಿ. ಗುರುತ್ವ ನಿಯಮವನ್ನು ಒಳಗೊಂಡ 'ಪ್ರಿನ್ಸಿಪಿಯ' ಅಚ್ಚಾದದ್ದು 1687ರಲ್ಲಿ. ನಡುವಿನ ಇಪ್ಪತ್ತು ವರ್ಷಗಳೇ ಪಾಠ. ಆ ವರ್ಷಗಳಲ್ಲಿ ಏನೇನಾಯಿತು ಎಂದು ಮಕ್ಕಳಿಂದಲೇ ಊಹೆ ಮಾಡಿಸಿ ನೋಡಿ.

ಇನ್ನೊಂದು ಮಾತು. ಭೂಮಿ ತಿರುಗುತ್ತದೆಂಬ ವಾದವನ್ನು ಗೆಲಿಲಿಯೋ 1632ರಲ್ಲಿ ಬರೆದದ್ದು ಮೂವರ ಮಾತುಕತೆಯ ರೂಪದಲ್ಲಿ, ಅದೂ ವಿದ್ವಾಂಸರ ಲ್ಯಾಟಿನ್ ಬಿಟ್ಟು ತಮ್ಮ ಜನರಾಡುವ ಇಟಾಲಿಯನ್ ಭಾಷೆಯಲ್ಲಿ. ಒಬ್ಬ ಹೊಸ ಮತದವನು, ಒಬ್ಬ ಹಳೆಯ ಮತದವನು, ಇನ್ನೊಬ್ಬ ಯಾರ ಪರವೂ ಅಲ್ಲದೆ ಕೇಳುತ್ತ ಹೋಗುವ ಜಾಣ ಗೃಹಸ್ಥ. ನಿಮ್ಮ ತರಗತಿಯ ಮೂವರು ಮಕ್ಕಳಿಗೆ ಈ ಮೂರು ಪಾತ್ರಗಳನ್ನು ಕೊಟ್ಟರೆ, ಹಳೆಯ ಮತದ ಮಗು ಎಷ್ಟು ಒಳ್ಳೆಯ ವಾದಗಳನ್ನು ಹುಡುಕಿ ತರುತ್ತದೆಂಬುದನ್ನು ಕಂಡು ನಿಮಗೇ ಆಶ್ಚರ್ಯವಾಗುತ್ತದೆ.

ಪ್ರಶ್ನೆ: ಇವೆಲ್ಲ ಹೊರದೇಶಗಳ ಮಾತಾಯಿತು. ಕನ್ನಡದಲ್ಲಿ ವಿಜ್ಞಾನಿ ಮತ್ತು ಕಥೆಗಾರರ ನಡುವೆ ಮಾತುಕತೆ ನಡೆದಿದೆಯೇ? (ನಿವೃತ್ತ ಗ್ರಂಥಪಾಲಕರು, ಮೈಸೂರು)

ನಡೆದಿದೆ, ಆದರೆ ಬಹುಮಟ್ಟಿಗೆ ಒಬ್ಬನೇ ಮನುಷ್ಯನ ಒಳಗೆ ನಡೆದಿದೆ. ಬೆಳ್ಳಾವೆ ವೆಂಕಟನಾರಣಪ್ಪನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದವರು; 1918ರಲ್ಲಿ ನಂಗಪುರಂ ವೆಂಕಟೇಶ ಅಯ್ಯಂಗಾರರೊಂದಿಗೆ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ತಂದ ಅವರೇ ಪಂಪಭಾರತವನ್ನೂ ಸಂಪಾದಿಸಿದರು. ಬಿ.ಜಿ.ಎಲ್. ಸ್ವಾಮಿಯವರು ಹಾರ್ವರ್ಡ್‌ನಲ್ಲಿ ಸಸ್ಯವಿಜ್ಞಾನಿ ಇರ್ವಿಂಗ್ ಬೈಲಿ ಅವರ ಜೊತೆ ಕೆಲಸ ಮಾಡಿ, ಗುರುವಿನ ಹೆಸರನ್ನು ಒಂದು ಗಿಡಕ್ಕೆ ಸಾರ್ಕಾಂಡ್ರ ಇರ್ವಿಂಗ್‌ಬೈಲಿಯೈ ಎಂದು ಇಟ್ಟವರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕರಾಗಿ ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದ ಅನುಭವದಿಂದ ಹುಟ್ಟಿದ 'ಹಸುರು ಹೊನ್ನು' ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಅದರ ರೇಖಾಚಿತ್ರಗಳೂ ಅವರವೇ. ಗಿಡದ ಎಲೆ, ಹೂವು, ಕಾಯಿಗಳನ್ನು ಸಸ್ಯವಿಜ್ಞಾನಿಯ ನಿಖರತೆಯಿಂದ ವರ್ಣಿಸುತ್ತಲೇ, ಬಸ್ಸಿನಲ್ಲಿ ವಿದ್ಯಾರ್ಥಿಗಳ ಕೀಟಲೆಯನ್ನೂ ಹಳ್ಳಿಗರು ಆ ಗಿಡಕ್ಕೆ ಹೇಳುವ ಹೆಸರನ್ನೂ ಬಿಡದೆ ದಾಖಲಿಸುವ ಆ ಗದ್ಯವನ್ನು ಓದಿಯೇ ನಾನು ಮೊದಲ ಬಾರಿಗೆ ಕೈಮಸೂರ ಹಿಡಿದು ಬೇಲಿಯ ಹೂವೊಂದನ್ನು ಬಿಡಿಸಿ ನೋಡಿದ್ದು.

ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ'ದಲ್ಲಿ ಕಥೆ ಹೇಳುವ ಕೃಷಿಕ, ವಿಜ್ಞಾನಿ ಕರ್ವಾಲೊ, ಜೇನು ಹಿಡಿಯುವ ಮಂದಣ್ಣ ಎಲ್ಲರೂ ಒಟ್ಟಿಗೆ ಹಾರುವ ಓತಿಯನ್ನು ಹುಡುಕಿ ಹೊರಡುತ್ತಾರೆ. ಕಾಡಿನ ಮಟ್ಟಿಗೆ ಮಂದಣ್ಣನ ಕಣ್ಣಿಗೇ ವಿಜ್ಞಾನಿ ಮರ್ಯಾದೆ ಕೊಡುತ್ತಾರೆ. ಅಂಥ ತಂಡ ನಮ್ಮಲ್ಲಿ ಪುಸ್ತಕದ ಹೊರಗೂ ಕಟ್ಟಿಕೊಳ್ಳಬೇಕೆಂಬುದು ನನ್ನ ಬಹುದಿನದ ಆಸೆ. ಸ್ವಾಮಿಯವರಂಥವರು ಶತಮಾನಕ್ಕೊಬ್ಬರು ಹುಟ್ಟುತ್ತಾರೆಂದು ಕಾಯುತ್ತ ಕೂರುವ ಬದಲು, ಇಬ್ಬರು ಬೇರೆ ಬೇರೆ ಮನುಷ್ಯರು ಒಂದು ಮೇಜಿಗೆ ಬರುವುದು ಸುಲಭ.

ಪ್ರಶ್ನೆ: ಓದುಬರಹ ಬಾರದ ಹಿರಿಯರು ಹೇಳುವ ಕಥೆಗಳಿಗೆ ವಿಜ್ಞಾನಿಗಳು ಬೆಲೆ ಕೊಡುತ್ತಾರೆಯೇ? ನಮ್ಮ ಅಜ್ಜ ಮೀನುಗಾರಿಕೆಗೆ ಹೋಗುತ್ತಿದ್ದವರು, ಸಮುದ್ರದ ಬಗ್ಗೆ ನೂರಾರು ಕಥೆ ಹೇಳುತ್ತಿದ್ದರು. (ಓದುಗರು, ಕುಂದಾಪುರ)

ಬೆಲೆ ಕೊಡದೆ ಹೋದಾಗ ಏನಾಯಿತು ಎಂಬುದರಿಂದ ಆರಂಭಿಸುತ್ತೇನೆ. 1845ರ ಮೇ ತಿಂಗಳಲ್ಲಿ ಸರ್ ಜಾನ್ ಫ್ರ್ಯಾಂಕ್ಲಿನ್ ಅವರ ನೇತೃತ್ವದಲ್ಲಿ 'ಎರೆಬಸ್' ಮತ್ತು 'ಟೆರರ್' ಎಂಬ ಎರಡು ಹಡಗುಗಳು ಕೆನಡಾದ ಉತ್ತರದ ಹಿಮಸಾಗರದಲ್ಲಿ ದಾರಿ ಹುಡುಕಲು ಇಂಗ್ಲೆಂಡಿನಿಂದ ಹೊರಟವು. ಹಿಮದೊಳಗೆ ಹೋದ 129 ಮಂದಿಯಲ್ಲಿ ಒಬ್ಬರೂ ಮರಳಲಿಲ್ಲ. 1854ರಲ್ಲಿ ಜಾನ್ ರೇ ಎಂಬ ವೈದ್ಯ ಅನ್ವೇಷಕರು ಅಲ್ಲಿನ ಇನ್ಯೂಟ್ ಜನರ ಜೊತೆ ಕುಳಿತು ಅವರ ಮಾತು ಕೇಳಿದರು. ಸುಮಾರು ನಲವತ್ತು ಬಿಳಿಯರು ದೋಣಿಯೊಂದನ್ನು ಹಿಮದ ಮೇಲೆ ಎಳೆಯುತ್ತ ದಕ್ಷಿಣಕ್ಕೆ ನಡೆದದ್ದು, ಹಸಿವಿನಿಂದ ಸತ್ತದ್ದು, ಕೊನೆಗೆ ಸತ್ತವರ ಮಾಂಸವನ್ನು ತಿಂದದ್ದು, ಎಲ್ಲವನ್ನೂ ಅವರು ಹೇಳಿದರು. ಹಡಗಿನವರ ಬೆಳ್ಳಿಯ ಚಮಚಗಳನ್ನೂ ಫೋರ್ಕುಗಳನ್ನೂ ರೇ ಆ ಇನ್ಯೂಟ್ ಜನರಿಂದ ಕೊಂಡುತಂದರು.

ಈ ವರದಿ ಲಂಡನ್ನಿನ ಪತ್ರಿಕೆಯಲ್ಲಿ ಬಂದಾಗ ಅದನ್ನು ಎದುರಿಸಲು ನಿಂತವರು ಆ ಕಾಲದ ಅತಿ ದೊಡ್ಡ ಕಥೆಗಾರ ಚಾರ್ಲ್ಸ್ ಡಿಕನ್ಸ್. ತಮ್ಮದೇ ವಾರಪತ್ರಿಕೆಯಲ್ಲಿ ಅವರು, ಇಂಗ್ಲಿಷ್ ನಾವಿಕರು ಅಂಥ ಕೃತ್ಯಕ್ಕೆ ಇಳಿಯಲಾರರು, ಆ ಕಾಡುಜನರ ಮಾತನ್ನು ನಂಬಲಾಗದು, ಅವರೇ ನಾವಿಕರನ್ನು ಕೊಂದಿರಬಹುದು ಎಂದು ವಾದಿಸಿದರು. ರೇ ಅವರು ಅದೇ ಪತ್ರಿಕೆಯಲ್ಲಿ ಉತ್ತರಿಸಿ, ತಾವು ಬಲ್ಲ ಇನ್ಯೂಟ್ ಜನರ ಪ್ರಾಮಾಣಿಕತೆಯನ್ನು ಸಮರ್ಥಿಸಿದರು. ಡಿಕನ್ಸ್ ಆ ಉತ್ತರವನ್ನು ಅಚ್ಚು ಹಾಕಿದರೆಂಬುದನ್ನು ಒಪ್ಪಬೇಕು. ಆದರೆ ಓದುಗರು ಕಥೆಗಾರನನ್ನೇ ನಂಬಿದರು. ಕೇಳಿ ಬರೆದವನು ಅನ್ವೇಷಕ, ಕೇಳಲೊಪ್ಪದವನು ಕಥೆಗಾರ ಎಂಬ ಈ ಪ್ರಸಂಗ ನನ್ನನ್ನು ಕಾಡುತ್ತದೆ, ಏಕೆಂದರೆ ನಮ್ಮ ಕಲ್ಪನೆಯಲ್ಲಿ ಸಾಮಾನ್ಯವಾಗಿ ಪಾತ್ರಗಳು ಅದಲುಬದಲಾಗಿರುತ್ತವೆ. 1990ರ ದಶಕದಲ್ಲಿ ಕಿಂಗ್ ವಿಲಿಯಂ ದ್ವೀಪದಲ್ಲಿ ಸಿಕ್ಕ ನಾವಿಕರ ಮೂಳೆಗಳ ಮೇಲೆ ಚಾಕುವಿನ ಕಚ್ಚುಗಳು ಕಂಡುಬಂದವು. ಇನ್ಯೂಟರು ಹೇಳಿದ್ದು ನಿಜವಾಗಿತ್ತು.

ಕಥೆ ಅಲ್ಲಿಗೆ ನಿಲ್ಲಲಿಲ್ಲ. ಜೋಆ ಹೇವನ್ ಎಂಬ ಸಣ್ಣ ಊರಿನ ಇನ್ಯೂಟ್ ಇತಿಹಾಸಕಾರ ಲೂಯಿ ಕಮೂಕಾಕ್ ಅವರಿಗೆ ಬಾಲ್ಯದಲ್ಲಿ ಮುತ್ತಜ್ಜಿ ಒಂದು ಪ್ರಸಂಗ ಹೇಳಿದ್ದರು: ತಾನು ಚಿಕ್ಕವಳಿದ್ದಾಗ ತಂದೆಯ ಜೊತೆ ಹೋಗುವಾಗ ದಂಡೆಯಲ್ಲಿ ಬಂದೂಕಿನ ಗುಂಡು, ಚಮಚ ಮುಂತಾದ ವಿಚಿತ್ರ ವಸ್ತುಗಳನ್ನು ಕಂಡಿದ್ದೆ ಎಂದು. ಮುಂದೆ ಅವರು ದಶಕಗಳ ಕಾಲ ಹಿರಿಯರ ಮನೆಗಳಿಗೆ ಹೋಗಿ ಅಂಥ ನೆನಪುಗಳನ್ನು ಸಂಗ್ರಹಿಸಿ, ಸ್ಥಳಗಳ ಇನ್ಯೂಟ್ ಹೆಸರುಗಳ ಜೊತೆ ಹೊಂದಿಸಿ ನೋಡಿದರು. ಒಂದು ಹಡಗು ದಕ್ಷಿಣಕ್ಕೆ ತೇಲಿಹೋಗಿ ಮುಳುಗಿತೆಂಬ ಹಳೆಯ ಹೇಳಿಕೆಗಳು ತೋರಿಸುತ್ತಿದ್ದ ಆ ಪ್ರದೇಶದಲ್ಲೇ 2014ರ ಸೆಪ್ಟೆಂಬರಿನಲ್ಲಿ ಕೆನಡಾದ ಶೋಧಕರಿಗೆ ಎರೆಬಸ್ ಸಿಕ್ಕಿತು, ಕೇವಲ ಹನ್ನೊಂದು ಮೀಟರ್ ಆಳದಲ್ಲಿ. ಎರಡು ವರ್ಷಗಳ ಬಳಿಕ ಸ್ಥಳೀಯ ಇನ್ಯೂಟ್ ಒಬ್ಬರು ಕೊಟ್ಟ ಸುಳಿವಿನಿಂದ ಟೆರರ್ ಕೂಡ ಸಿಕ್ಕಿತು.

ಇನ್ನೊಂದು ಪ್ರಸಂಗ ಸಮುದ್ರದ್ದೇ, ನಿಮಗೆ ಹತ್ತಿರವಾದೀತು. ಉತ್ತರ ಅಮೆರಿಕದ ವಾಯವ್ಯ ಕರಾವಳಿಯ ಮೂಲನಿವಾಸಿಗಳಲ್ಲಿ ಗುಡುಗು ಹಕ್ಕಿಯೂ ತಿಮಿಂಗಿಲವೂ ಹೋರಾಡುವ ಕಥೆಗಳಿವೆ. ಚಳಿಗಾಲದ ಒಂದು ರಾತ್ರಿ ನೆಲ ಅದುರಿ, ಕಡಲು ನುಗ್ಗಿ, ಪಚೀನಾ ಕೊಲ್ಲಿಯ ಇಡೀ ಊರು ಕೊಚ್ಚಿಹೋಯಿತೆಂಬ ನೆನಪೂ ಇದೆ. 1980ರ ದಶಕದಲ್ಲಿ ಭೂವಿಜ್ಞಾನಿ ಬ್ರಯಾನ್ ಆಟ್‌ವಾಟರ್ ಅವರು ಅಲ್ಲಿನ ಅಳಿವೆಗಳಲ್ಲಿ ಒಮ್ಮೆಲೇ ಕುಸಿದ ನೆಲವನ್ನು, ಅದರ ಮೇಲೆ ಸುನಾಮಿ ತಂದು ಹಾಸಿದ ಮರಳಿನ ಪದರವನ್ನು ಗುರುತಿಸಿದರು. ಉಪ್ಪುನೀರಿನಲ್ಲಿ ನಿಂತಲ್ಲೇ ಸತ್ತ ದೇವದಾರು ಜಾತಿಯ ಮರಗಳ ಬೇರಿನ ವಾರ್ಷಿಕ ಉಂಗುರಗಳು ಆ ಮರಗಳು 1699ರ ಬೆಳವಣಿಗೆಯ ಕಾಲ ಮುಗಿದು 1700ರದು ಆರಂಭವಾಗುವ ನಡುವೆ ಸತ್ತವೆಂದು ಹೇಳಿದವು. ಅತ್ತ ಜಪಾನಿನ ಹಳೆಯ ಕಡತಗಳಲ್ಲಿ, 1700ರ ಜನವರಿ ಕೊನೆಯಲ್ಲಿ ಯಾವ ಕಂಪನವೂ ಇಲ್ಲದೆ ಬಂದ ತಾಯಿಯಿಲ್ಲದ ಸುನಾಮಿಯೊಂದರ ಉಲ್ಲೇಖವಿತ್ತು. ಕೆಂಜಿ ಸಟಾಕೆ ಮತ್ತು ಸಂಗಡಿಗರು ಅಲೆಯ ಪಯಣವನ್ನು ಹಿಂದಕ್ಕೆ ಲೆಕ್ಕ ಹಾಕಿ, ಭೂಕಂಪವಾದದ್ದು ಅಮೆರಿಕದ ಕರಾವಳಿಯಲ್ಲಿ 1700ರ ಜನವರಿ 26ರ ರಾತ್ರಿ ಸುಮಾರು ಒಂಬತ್ತು ಗಂಟೆಗೆ, ಅದರ ಪ್ರಮಾಣ 9ರ ಆಸುಪಾಸು ಎಂದು 1996ರಲ್ಲಿ ಪ್ರಕಟಿಸಿದರು. ಕಥೆ ಹೇಳಿದ್ದು ರಾತ್ರಿ, ಚಳಿಗಾಲ; ಲೆಕ್ಕ ಹೇಳಿದ್ದೂ ಅದೇ.

ಹಾಗೆಂದು ಎಲ್ಲ ಕಥೆಯೂ ದಾಖಲೆಯಲ್ಲ. ಮರಳಿನ ಪದರ, ಮರದ ಉಂಗುರ, ಮೂಳೆಯ ಕಚ್ಚು ಸಿಗುವವರೆಗೆ ಅವು ಸುಳಿವುಗಳು. ಆದರೆ ಸುಳಿವೂ ಜೀವ ಉಳಿಸಬಲ್ಲದು. ಇಂಡೋನೇಷ್ಯದ ಸಿಮೆಯುಲು ದ್ವೀಪದಲ್ಲಿ 1907ರ ಸುನಾಮಿಯ ನೆನಪನ್ನು 'ಸ್ಮಾಂಗ್' ಎಂಬ ಒಂದೇ ಶಬ್ದದಲ್ಲಿ ಕಟ್ಟಿ ಅಜ್ಜ ಅಜ್ಜಿಯರು ಮೊಮ್ಮಕ್ಕಳಿಗೆ ಹೇಳಿಕೊಂಡು ಬಂದಿದ್ದರು: ನೆಲ ಜೋರಾಗಿ ಅದುರಿ ಕಡಲು ಹಿಂದೆ ಸರಿದರೆ ಗುಡ್ಡಕ್ಕೆ ಓಡು. 2004ರ ಡಿಸೆಂಬರ್ 26ರಂದು ಕಂಪನದ ಕೇಂದ್ರಕ್ಕೆ ತೀರ ಹತ್ತಿರವಿದ್ದ ಆ ದ್ವೀಪದ ಸುಮಾರು 78,000 ಜನರಲ್ಲಿ ಸತ್ತವರು ಏಳು ಮಂದಿ. ನಿಮ್ಮ ಅಜ್ಜನ ಕಥೆಗಳಲ್ಲಿ ನಿಮಗೆ ನೆನಪಿರುವಷ್ಟನ್ನು ದಯವಿಟ್ಟು ಈಗಲೇ ಬರೆದಿಡಿ. ಸ್ಥಳದ ಹೆಸರು, ಗಾಳಿಯ ಹೆಸರು, ಮೀನಿನ ಹೆಸರು ಅವರು ಹೇಳಿದಂತೆಯೇ ಇರಲಿ, ತಿದ್ದಬೇಡಿ.

ಪ್ರಶ್ನೆ: ನಾನು ಕಥೆ ಬರೆಯುತ್ತೇನೆ. ವಿಜ್ಞಾನಿಯೊಬ್ಬರ ಜೊತೆ ಮಾತನಾಡಿ ಒಂದು ಕಥೆ ಬರೆಯುವ ಆಸೆ. ಹೇಗೆ ಆರಂಭಿಸಲಿ, ಏನು ಕೇಳಲಿ? (ಉದಯೋನ್ಮುಖ ಲೇಖಕಿ, ಶಿವಮೊಗ್ಗ)

ಕಥೆ ಮುಗಿಸಿದ ಮೇಲೆ ತಪ್ಪು ತಿದ್ದಿಸಿಕೊಳ್ಳಲು ಹೋಗಬೇಡಿ, ಅರ್ಧ ಬರೆದಿರುವಾಗಲೇ ಹೋಗಿ. ಆಗ ಅವರ "ಹೀಗಾಗದು" ಎಂಬ ಮಾತಿಗೆ ಕಥೆಯಲ್ಲಿ ಇನ್ನೂ ಜಾಗವಿರುತ್ತದೆ, ಮತ್ತು ನೀವೂ "ಹಾಗಾದರೆ ಹೇಗಾದೀತು" ಎಂದು ಮರಳಿ ಕೇಳಬಹುದು. ನಿಮ್ಮ ಸಂಶೋಧನೆಯ ಮಹತ್ವವೇನು ಎಂದು ಕೇಳಿದರೆ ಅವರು ಭಾಷಣ ಮಾಡುತ್ತಾರೆ. ನಿನ್ನೆ ಬೆಳಗಿನಿಂದ ಸಂಜೆಯವರೆಗೆ ಏನೇನು ಮಾಡಿದಿರಿ, ಯಾವ ಅಂಕಿ ನಿಮ್ಮನ್ನು ನಿದ್ದೆಗೆಡಿಸಿದೆ, ಯಾವುದನ್ನು ಮೊದಲು ನಂಬಿದ್ದು ಈಗ ನಂಬುವುದಿಲ್ಲ ಎಂದು ಕೇಳಿ. ಅವರು ಬಳಸುವ ಶಬ್ದ ತಿಳಿಯದಿದ್ದರೆ ತಲೆಯಾಡಿಸಿ ಸುಮ್ಮನಾಗಬೇಡಿ. ಕನ್ನಡದಲ್ಲಿ ಹೇಳಿ ನೋಡೋಣ ಎಂದು ವಿನಂತಿಸಿ. ಹೇಳಲು ತಡವರಿಸುವ ಆ ಎರಡು ನಿಮಿಷಗಳಲ್ಲಿ ಅವರ ಕೈ ಗಾಳಿಯಲ್ಲಿ ಚಿತ್ರ ಬರೆಯಲಾರಂಭಿಸುತ್ತದೆ, ಅದನ್ನು ನೋಡಿಕೊಳ್ಳಿ. ಅಳುಕುತ್ತ ಮಾತು ಆರಂಭಿಸಿದ ಎಷ್ಟೋ ಸಂಶೋಧಕರು ಈ ಒಂದು ಕೋರಿಕೆಯ ನಂತರ ನನ್ನೊಡನೆ ತಾಸುಗಟ್ಟಲೆ ಮಾತನಾಡಿದ್ದಾರೆ.

ಯಾರನ್ನು ಭೇಟಿಯಾಗುವುದು ಎಂದು ತಿಳಿಯದಿದ್ದರೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೊಮ್ಮೆ ಸಾರ್ವಜನಿಕರಿಗೆ ಬಾಗಿಲು ತೆರೆಯುವ ದಿನಕ್ಕೆ ಹೋಗಿ ಬನ್ನಿ. ಜನಜಂಗುಳಿ ಹೆಚ್ಚು, ಆದ್ದರಿಂದ ಬೆಳಗ್ಗೆ ಬೇಗ ಹೋಗುವುದು ಒಳ್ಳೆಯದು. ಪ್ರಯೋಗಾಲಯಗಳ ಬಾಗಿಲಲ್ಲಿ ನಿಂತು ವಿವರಿಸುವವರಲ್ಲಿ ಸಂಶೋಧನಾ ವಿದ್ಯಾರ್ಥಿಗಳು ಬಹಳ ಮಂದಿ ಇರುತ್ತಾರೆ. ಅವರಲ್ಲಿ ಒಬ್ಬರ ಬಳಿ ಮಾತಿಗೆ ಕುಳಿತುಕೊಳ್ಳಿ. ಉಪಕರಣ ಕೆಟ್ಟಾಗ ರಾತ್ರಿಯೆಲ್ಲ ಎಚ್ಚರವಿದ್ದು ಅದನ್ನು ಸರಿಪಡಿಸುವವರು ಅವರೇ.